ಹೂಳೆತ್ತುವ ಮೊದಲು ನೀರಾಗಿನ ಚೀಲ ಎಣಿಸಿರಿ

ಕೆರೆಯಲ್ಲಿ ಹಸಿರು ಕಂಡರೆ ನಮ್ಮ ಕಡೆ ಎಲ್ಲದಕ್ಕೂ ಒಂದೇ ಹೆಸರು: ಪಾಚಿ. ಹೆಸರು ಒಂದೇ ಆದ್ದರಿಂದ ಉಪಾಯವೂ ಒಂದೇ. ಮೈಲುತುತ್ತ ಹಾಕು, ಇಲ್ಲವೇ ಕಳೆನಾಶಕ ಹೊಡಿ, ಅದೂ ಆಗದಿದ್ದರೆ ಜೆಸಿಬಿ ಇಳಿಸಿ ತಳ ಕಾಣುವ ಹಾಗೆ ಕೆರೆದು ತೆಗೆ. ಹೊಲದಲ್ಲಿ ನಾವು ಹೀಗೆ ಮಾಡುವುದಿಲ್ಲ. ಕರಿಕಿ ಬೇರೆ, ಜೇಕು ಬೇರೆ, ಕಾಂಗ್ರೆಸ್ ಕಸ ಬೇರೆ ಅಂತ ಸಣ್ಣ ಹುಡುಗನಿಗೂ ಗೊತ್ತು. ಜೇಕು ಹೆಚ್ಚಾದರೆ ಹೊಲದಲ್ಲಿ ನೀರು ನಿಲ್ಲುತ್ತದೆ ಎಂದು ಹಿರಿಯರು ಕಸ ನೋಡಿಯೇ ಹೇಳುತ್ತಿದ್ದರು. ಅದೇ ಕಣ್ಣು ಕೆರೆಯ ದಂಡೆಗೆ ಬಂದಾಗ ಯಾಕೆ ಮುಚ್ಚಿಕೊಳ್ಳುತ್ತದೆ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲವೂ ಮಳೆ ನಂಬಿದ ಸೀಮೆ. ಇಲ್ಲಿ ಕೆರಿ-ಕಟ್ಟಿ ಎಂದರೆ ಬರೀ ತಗ್ಗಿನಲ್ಲಿ ನಿಂತ ನೀರಲ್ಲ, ಅದು ದನಕರುಗಳ ಜೀವ, ಬಾವಿ-ಬೋರಿನ ಒರತಿ. ಅಂಥ ನೀರು ಹೇಗಿದೆ ಎಂದು ಪುಕ್ಕಟೆಯಾಗಿ ಹೇಳುವ ಒಂದು ಗಿಡದ ಬಗ್ಗೆ ಈ ಲೇಖನ. ಆ ಗಿಡ ಹುಳ ತಿನ್ನುತ್ತದೆ. ಆದರೆ ನನಗೆ ಮುಖ್ಯವಾದದ್ದು ಅದು ಹುಳ ತಿನ್ನುತ್ತದೆ ಎಂಬ ಸೋಜಿಗವಲ್ಲ. ನೀರಿಗೆ ತಕ್ಕಂತೆ ಅದು ತನ್ನ ಮೈಯನ್ನೇ ಬದಲಿಸಿಕೊಳ್ಳುತ್ತದೆ. ಆ ಬದಲಾವಣೆ ಓದಲು ಕಲಿತರೆ ನಮ್ಮ ರೊಕ್ಕ ಎಲ್ಲಿ ಹರಿದು ಹೋಗುತ್ತಿದೆ ಎಂಬುದೂ ತಿಳಿಯುತ್ತದೆ.

ಪಾಚಿಯಲ್ಲ, ಹೂ ಬಿಡುವ ಗಿಡ

ಶಾಸ್ತ್ರದವರು ಇದಕ್ಕೆ ಯುಟ್ರಿಕ್ಯುಲೇರಿಯಾ ಎನ್ನುತ್ತಾರೆ. ಆ ಹೆಸರಿನ ಅರ್ಥ ಸಣ್ಣ ಚೀಲ. ನಾಲಿಗೆ ತಿರುಗಲೆಂದು ಇಲ್ಲಿ ಚೀಲಪಾಚಿ ಎಂದೇ ಕರೆಯುತ್ತೇನೆ. ಪಾಚಿ ಎಂದು ಕರೆದರೂ ಇದು ಪಾಚಿಯಲ್ಲ. ಹೂ ಬಿಟ್ಟು ಬೀಜ ಕಟ್ಟುವ ಗಿಡ, ನಮ್ಮ ಎಳ್ಳಿನ ಗಿಡದ ದೂರದ ಬೀಗರು. ಮಳೆಗಾಲ ಮುಗಿಯುತ್ತ ಬಂದಾಗ ನಿಂತ ನೀರಿನ ಮೇಲೆ ಬೆರಳುದ್ದದ ಕಡ್ಡಿಗೆ ಸಣ್ಣ ಹಳದಿ ಹೂ ಕಂಡರೆ, ಅದರ ಬುಡ ಹಿಡಿದು ಮೆಲ್ಲಗೆ ಎತ್ತಿ ನೋಡಿರಿ. ಬೇರು ಸಿಗುವುದಿಲ್ಲ, ಯಾಕೆಂದರೆ ಬೇರು ಇಲ್ಲವೇ ಇಲ್ಲ. ದಾರದಂಥ ಕಾಂಡ, ಕೂದಲಿನ ಹಾಗೆ ಕವಲೊಡೆದ ಎಲೆ, ಆ ಎಲೆಗಳ ನಡುವೆ ರಾಗಿ ಕಾಳಿನಿಂದ ಎಳ್ಳಿನ ಕಾಳಿನಷ್ಟು ದಪ್ಪದ ನೂರಾರು ಚೀಲ. ಎಳೆಯ ಚೀಲ ಹಸಿರಾಗಿ ಗಾಜಿನಂತೆ ಪಾರದರ್ಶಕ, ಹಳೆಯದಾದಂತೆ ಕಪ್ಪು.

ನೀರಿನಿಂದ ಮೇಲೆತ್ತಿದಾಗ ಕಿವಿಯ ಹತ್ತಿರ ಹಿಡಿಯಿರಿ. ಚಟಚಟ ಎಂದು ಸಣ್ಣ ಸದ್ದು ಕೇಳಿಸುತ್ತದೆ. ಸೆಟೆದು ಕಾಯುತ್ತಿದ್ದ ಚೀಲಗಳು ಒಂದೊಂದಾಗಿ ಬಾಯಿ ತೆರೆದು ಗಾಳಿ ಎಳೆದುಕೊಳ್ಳುವ ಸದ್ದು ಅದು. ನಿಜವಾದ ಪಾಚಿ ಹೀಗೆ ಮಾತಾಡುವುದಿಲ್ಲ. ಗುರುತಿಗೆ ಇಷ್ಟು ಸಾಕು.

ಚೀಲಪಾಚಿಯಲ್ಲೂ ಜಾತಿಗಳಿವೆ. ಕರ್ನಾಟಕದ ಕೆರೆ, ಗದ್ದೆ, ಹೊಂಡಗಳಲ್ಲಿ ತೇಲುವವುಗಳಲ್ಲಿ ಮೂರನ್ನು ನೆನಪಿಟ್ಟರೆ ಆದೀತು. ದೊಡ್ಡದು ಆರಿಯಾ: ಉದ್ದ ದಾರ, ಹಳದಿ ಹೂ. ಎರಡನೆಯದು ಸ್ಟೆಲ್ಲಾರಿಸ್. ಇದರ ಹೂಗಡ್ಡಿಯ ಸುತ್ತ ಉಬ್ಬಿದ ತೇಲುಬುಂಡೆಗಳು ಚಕ್ರದ ಅರಗಳಂತೆ ಹರಡಿರುತ್ತವೆ. ಈಜು ಕಲಿಯುವ ಹುಡುಗರಿಗೆ ಬೆನ್ನಿಗೆ ಕುಂಬಳಬುರುಡೆ ಕಟ್ಟಿದ ಹಾಗೆ, ಹೂ ಮುಳುಗದಿರಲಿ ಎಂದು ಗಿಡ ತಾನೇ ಮಾಡಿಕೊಂಡ ಏರ್ಪಾಡು. ಮೂರನೆಯದು ಗಿಬ್ಬಾ. ಬಹಳ ಸಣ್ಣದು, ತೆಳು ನೀರಿನಲ್ಲಿ ಸಿಕ್ಕುಗಟ್ಟಿದ ನೂಲಿನಂತೆ ಇರುತ್ತದೆ. ನೀರು ಇಂಗಿ ಕೆಸರು ಉಳಿದರೆ ಇದು ಕೆಸರಿನ ಮೇಲೆಯೇ ಮೈ ಚಿಕ್ಕದು ಮಾಡಿಕೊಂಡು ಹೂ ಬಿಡುತ್ತದೆ.

ಒಂದೇ ಜಾತಿ ಆಳ ನೀರಲ್ಲಿ ಒಂದು ತರ, ದಂಡೆಯ ಕೆಸರಲ್ಲಿ ಇನ್ನೊಂದು ತರ ಕಾಣುವುದರಿಂದ ಪಂಡಿತರೇ ಮೋಸಹೋಗಿದ್ದರು. ಒಂದೇ ಗಿಡಕ್ಕೆ ಊರಿಗೊಂದು ಹೆಸರು ಕೊಟ್ಟಿದ್ದರು. 1989ರಲ್ಲಿ ಇಂಗ್ಲೆಂಡಿನ ಪೀಟರ್ ಟೇಲರ್ ಎಂಬುವರು ಆ ಹೆಸರುಗಳ ರಾಶಿಯನ್ನೆಲ್ಲ ತೂರಿ, ಲೋಕದಲ್ಲಿ 214 ಜಾತಿ ಎಂದು ಲೆಕ್ಕ ಹಾಕಿದರು. ನಮ್ಮ ದೇಶದ ಜಾತಿಗಳ ಬಗ್ಗೆ ಜನಾರ್ದನಂ ಮತ್ತು ಹೆನ್ರಿ ಅವರ ಪುಸ್ತಕ 1992ರಲ್ಲಿ ಬಂತು. ಟೇಲರ್ ನಂತರ ಹೊಸವು ಸೇರಿ ಈಗ ಲೆಕ್ಕ 240ರ ಸುತ್ತಮುತ್ತ ಇದೆ.

ಬಾಗಿಲು ತೆರೆಯುವ ವೇಗ

ಚೀಲದ ಕೆಲಸ ಸರಳ. ಔಷಧ ಹನಿ ಹಾಕುವ ಫಿಲ್ಲರಿನ ರಬ್ಬರನ್ನು ಅದುಮಿ ನೀರಿನಲ್ಲಿ ಇಟ್ಟು ಬಿಟ್ಟರೆ ಅದು ನೀರು ಎಳೆದುಕೊಳ್ಳುತ್ತದಲ್ಲ, ಹಾಗೆ. ಚೀಲದ ಗೋಡೆ ಒಳಗಿನ ನೀರನ್ನು ಹೊರಗೆ ಹಾಕುತ್ತ ಹೋಗುತ್ತದೆ. ಗೋಡೆ ಒಳಕ್ಕೆ ಜಗ್ಗಿಕೊಂಡು ಸೆಟೆದು ನಿಲ್ಲುತ್ತದೆ. ಬಾಯಿಗೆ ಒಂದು ಬಾಗಿಲು, ಬಾಗಿಲಿಗೆ ನಾಲ್ಕಾರು ಕೂದಲು. ನೀರ ಚಿಗಟದಂಥ ಕಣ್ಣಿಗೆ ಕಂಡೂ ಕಾಣದ ಹುಳ ಆ ಕೂದಲಿಗೆ ತಾಗಿದರೆ ಸಾಕು, ಬಾಗಿಲು ಒಳಕ್ಕೆ ಬಿದ್ದು ನೀರಿನ ಜೊತೆ ಹುಳವೂ ಒಳಗೆ. ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟರಲ್ಲಿ ಎಲ್ಲ ಮುಗಿಯುತ್ತದೆ. ನಾವು ಕಣ್ಣು ಮಿಟುಕಿಸುವ ಹೊತ್ತಿನಲ್ಲಿ ಇಂಥದ್ದು ನೂರು ಸಲ ಆಗಿಹೋದೀತು. ಮತ್ತೆ ಸೆಟೆದು ನಿಲ್ಲಲು ಕಾಲು ಗಂಟೆಯಿಂದ ಅರ್ಧ ಗಂಟೆ ಬೇಕು.

ಡಾರ್ವಿನ್ 1875ರ ಪುಸ್ತಕದಲ್ಲಿ ಈ ಗಿಡದ ಬಗ್ಗೆ ಬರೆದಾಗ, ಹುಳವೇ ತಲೆಯಿಂದ ಬಾಗಿಲು ನೂಕಿ ಒಳಗೆ ಹೋಗುತ್ತದೆ ಎಂದು ತಿಳಿದಿದ್ದರು. ಗಿಡವೇ ಎಳೆದುಕೊಳ್ಳುತ್ತದೆ ಎಂಬುದು ಆಮೇಲೆ ಗೊತ್ತಾಯಿತು. 2011ರಲ್ಲಿ ಫ್ರಾನ್ಸಿನವರು ಅತಿ ವೇಗದ ಕ್ಯಾಮೆರಾ ಇಟ್ಟು ಬಾಗಿಲು ಹೇಗೆ ಬಾಗಿ ಬೀಳುತ್ತದೆ ಎಂದು ಚಿತ್ರ ಹಿಡಿದರು.

ಎಲೆಯೇ ಚೀಲವಾಗುವ ಬಗೆ

ಬೇರಿಲ್ಲದ ಗಿಡಕ್ಕೆ ಗೊಬ್ಬರ ಎಲ್ಲಿಂದ? ಕೆರೆಯ ತಿಳಿನೀರಿನಲ್ಲಿ ಸಾರಜನಕ, ರಂಜಕ ಬಹಳ ಕಡಿಮೆ. ಆ ಕೊರತೆಯನ್ನು ಗಿಡ ಹುಳ ಹಿಡಿದು ತುಂಬಿಕೊಳ್ಳುತ್ತದೆ. ಬೀಜ ಮೊಳೆಯುವಾಗಲೇ ಇದು ಬೇರೆ ದಾರಿ ಹಿಡಿಯುತ್ತದೆ. ಜೋಳದ ಬೀಜ ಮೊದಲು ಬೇರು ಬಿಡುತ್ತದೆ. ಚೀಲಪಾಚಿಯ ಬೀಜದಲ್ಲಿ ಬೇರಿನ ಮೊಳಕೆಯೇ ಇರುವುದಿಲ್ಲ. ಸೀದಾ ಎಲೆಯಂಥ ಎಳೆಗಳು ಹೊರಡುತ್ತವೆ. ಮುಂದೆ ತುದಿ ಬೆಳೆಯುತ್ತ ಹೋಗುತ್ತದೆ, ಹಿಂದಿನ ಭಾಗ ಸಾಯುತ್ತ ಬರುತ್ತದೆ. ಯಾವುದು ಕಾಂಡ, ಯಾವುದು ಎಲೆ ಎಂದು ಗೆರೆ ಎಳೆದು ಹೇಳುವುದು ಶಾಸ್ತ್ರದವರಿಗೂ ಕಷ್ಟ.

ಚೀಲ ಎಂದರೆ ಬೇರೆ ಅಂಗವಲ್ಲ, ಅದು ಎಲೆಯ ಇನ್ನೊಂದು ರೂಪ. ಎಲೆ ಚೀಲ ಆಗೂದು ಹೆಂಗ ಅಂದರೆ, ಮೆಣಸಿನಕಾಯಿ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಥ್ರಿಪ್ಸ್ ಬಿದ್ದರೆ ಮೆಣಸಿನ ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡುತ್ತದೆ. ಮೈಟ್ ನುಸಿ ಬಿದ್ದರೆ ಕೆಳಮುಖವಾಗಿ. ಎಲೆಯ ಎರಡು ಮೈಯಲ್ಲಿ ಒಂದು ಕಡಿಮೆ, ಒಂದು ಹೆಚ್ಚು ಬೆಳೆದರೆ ಆಕಾರ ಕೆಡುತ್ತದೆ. ನಮಗೆ ಅದು ಮುಟುರು ರೋಗ. ಚೀಲಪಾಚಿ ಅದನ್ನೇ ರೋಗವಿಲ್ಲದೆ, ಬೇಕೆಂದಾಗ, ಬೇಕಾದ ಎಲೆಯಲ್ಲಿ ಮಾತ್ರ ಮಾಡಿಕೊಳ್ಳುತ್ತದೆ. 2020ರಲ್ಲಿ ಇಂಗ್ಲೆಂಡಿನ ಜಾನ್ ಇನ್ನೆಸ್ ಕೇಂದ್ರದವರು ಗಿಬ್ಬಾ ಜಾತಿಯಲ್ಲಿ ಇದನ್ನು ತೋರಿಸಿದರು. ಮೊಗ್ಗು ಮೂಡುವಾಗ ಎಲೆಯ ಮೇಲ್ಮೈ ಆಗುವ ಭಾಗ ಒಂದು ಚಿಕ್ಕ ಜಾಗಕ್ಕೆ ಸೀಮಿತವಾದರೆ ಅದು ಬಟ್ಟಲಾಗಿ, ಮುಂದೆ ಚೀಲವಾಗುತ್ತದೆ. ಆ ಭಾಗ ಇಲ್ಲವಾದರೆ ಸೂಜಿಯಂಥ ಎಲೆಯಾಗುತ್ತದೆ.

ಇಷ್ಟೆಲ್ಲ ರೂಪ ತಾಳುವ ಗಿಬ್ಬಾ ಗಿಡದ ವಂಶದ ಬರಹ ಬಹಳ ಚಿಕ್ಕದು. 2013ರಲ್ಲಿ ಅದನ್ನು ಪೂರ್ತಿ ಓದಿದಾಗ ಸುಮಾರು 8 ಕೋಟಿ ಅಕ್ಷರ ಸಿಕ್ಕವು. ನಮ್ಮ ಜೋಳದ್ದು 70 ಕೋಟಿಗೂ ಹೆಚ್ಚು. ಪುಸ್ತಕ ಸಣ್ಣದಿದ್ದರೆ ಬುದ್ಧಿ ಸಣ್ಣದು ಅಂತಲ್ಲ.

ನೀರು ಬಡವಾದರೆ ಚೀಲ ಹೆಚ್ಚು

ಚೀಲ ಮಾಡುವುದು ಗಿಡಕ್ಕೆ ಖರ್ಚಿನ ಬಾಬ್ತು. ಚೀಲ ಹೆಚ್ಚು ಮಾಡಿದರೆ ಬಿಸಿಲು ಕುಡಿಯುವ ಎಲೆ ಕಡಿಮೆಯಾಗುತ್ತದೆ. ಆದ್ದರಿಂದ ಗಿಡ ಲೆಕ್ಕ ಹಾಕಿ ನಡೆಯುತ್ತದೆ. ನೀರಲ್ಲಿ ಸತ್ವ ಕಡಿಮೆ ಇದ್ದರೆ ಚೀಲ ಹೆಚ್ಚು ಮಾಡುತ್ತದೆ. ಕೆಲವು ಜಾತಿಗಳಲ್ಲಿ ಗಿಡದ ತೂಕದ ಅರ್ಧದವರೆಗೂ ಚೀಲವೇ ಇರುತ್ತದೆ. ನೀರಿಗೆ ಸಾರಜನಕ-ರಂಜಕ ಸೇರಿದಂತೆ ಚೀಲ ಕಡಿಮೆ ಮಾಡುತ್ತ ಬರುತ್ತದೆ. ಬೇರೆ ಬೇರೆ ದೇಶಗಳ ಕೊಳಗಳಲ್ಲಿ, ತೊಟ್ಟಿಗಳಲ್ಲಿ ಹಲವರು ಎಣಿಸಿ ನೋಡಿದ ಸಂಗತಿ ಇದು.

ನನ್ನ ಮುಖ್ಯ ಮಾತು ಇಲ್ಲಿದೆ. ನಮ್ಮ ಕೆರೆಗೆ ಸಾರಜನಕ-ರಂಜಕ ಎಲ್ಲಿಂದ ಬರುತ್ತದೆ? ಒಂದು, ಊರ ಚರಂಡಿಯಿಂದ. ಎರಡು, ನಮ್ಮ ಹೊಲದಿಂದ. ಬಿತ್ತುವಾಗ ಹಾಕಿದ ಡಿಎಪಿ, ಮೇಲುಗೊಬ್ಬರವಾಗಿ ಚೆಲ್ಲಿದ ಯೂರಿಯಾ, ಒಂದು ದೊಡ್ಡ ಮಳೆ ಬಂದರೆ ಮಣ್ಣಿನ ಜೊತೆ ಹಳ್ಳ ಸೇರಿ ಕೆರೆಗೆ ಇಳಿಯುತ್ತದೆ. ಸಾಲ ಮಾಡಿ ತಂದ ಗೊಬ್ಬರದ ಚೀಲ ಕೆರೆಯ ಪಾಲಾದಾಗ ಕೆರೆಯ ಗಿಡದ ಚೀಲ ಕಡಿಮೆಯಾಗುತ್ತದೆ. ಅಂದರೆ ನಮ್ಮ ಲುಕ್ಸಾನಿನ ಲೆಕ್ಕವನ್ನು ಅದು ಮೈಮೇಲೆ ಬರೆದುಕೊಂಡಿರುತ್ತದೆ.

ಕಪ್ಪತಗುಡ್ಡದ ತಪ್ಪಲಿನ ಕಟ್ಟೆಗೆ ಗುಡ್ಡದ ನೀರು ಬರುತ್ತದೆ, ಮೇಲೆ ಹೊಲವಿಲ್ಲ, ಊರಿಲ್ಲ. ಊರ ಮುಂದಿನ ಕೆರೆಗೆ ಹೊಲ-ಮನೆ ಎಲ್ಲ ತೊಳೆದ ನೀರು. ಎರಡೂ ಕಡೆ ಚೀಲಪಾಚಿ ಸಿಕ್ಕಿದರೆ ಒಂದೊಂದು ಎಳೆ ತಂದು ಬಿಳಿ ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಿರಿ. ಪ್ರಯೋಗಾಲಯಕ್ಕೆ ನೀರು ಕಳಿಸುವುದಕ್ಕಿಂತ ಮೊದಲಿನ ಪರೀಕ್ಷೆ ಇದು, ಖರ್ಚು ಒಂದು ಪೈಸೆ ಇಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನೆರಳಿನಲ್ಲಿ ಬೆಳೆದ ಗಿಡಕ್ಕೂ ಚೀಲ ಕಡಿಮೆ ಇರುತ್ತದೆ. ಜಾತಿಯಿಂದ ಜಾತಿಗೆ ಎಣಿಕೆ ಬೇರೆ. ಆದ್ದರಿಂದ ಬಿಸಿಲಲ್ಲಿ ಬೆಳೆದ, ಒಂದೇ ಜಾತಿಯ, ಮಧ್ಯಮ ವಯಸ್ಸಿನ ಎಲೆಗಳನ್ನೇ ಹೋಲಿಸಬೇಕು. ಒಂದು ಸಲ ನೋಡಿ ತೀರ್ಪು ಕೊಡಬಾರದು. ಅದೇ ಕೆರೆ, ಅದೇ ದಂಡೆ, ವರ್ಷದಿಂದ ವರ್ಷಕ್ಕೆ ಏನಾಯಿತು ಎಂದು ನೋಡಿದರೆ ಮಾತ್ರ ಅರ್ಥ ಸಿಗುತ್ತದೆ.

ಸತ್ವ ಇನ್ನೂ ಹೆಚ್ಚಾದರೆ ಚೀಲ ಕಡಿಮೆಯಾಗುವುದಷ್ಟೇ ಅಲ್ಲ, ಗಿಡವೇ ಹೋಗುತ್ತದೆ. ನಿಜವಾದ ಪಾಚಿ ಮತ್ತು ಅಂತರಗಂಗೆ ಮೇಲೆ ಕಂಬಳಿಯಂತೆ ಹೊದ್ದು ಬೆಳಕು ಮುಚ್ಚುತ್ತವೆ. ನೀರಲ್ಲಿ ತೇಲುತ್ತ ಹುಳ ಹಿಡಿಯುವ ಇನ್ನೊಂದು ಗಿಡ ಆಲ್ಡ್ರೊವಾಂಡಾ. ಇಲಿ ಹಿಡಿಯುವ ಕತ್ತರಿಯಂತೆ ಎಲೆ ಮಡಿಚಿ ಹುಳ ಹಿಡಿಯುತ್ತದೆ. ನಮ್ಮ ದೇಶದಲ್ಲಿ ಬಂಗಾಳದ ಕಡೆಯ ನೀರಿನಲ್ಲಿ ಅದು ದಾಖಲಾಗಿತ್ತು. ಜೌಗು ಬತ್ತಿಸಿದ್ದರಿಂದ, ನೀರಿಗೆ ಗೊಬ್ಬರ ಸೇರಿದ್ದರಿಂದ ಅದು ಹಲವು ದೇಶಗಳಲ್ಲಿ ಕಾಣೆಯಾಗಿ, ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಚೀಲಪಾಚಿ ಅಷ್ಟು ಸೂಕ್ಷ್ಮವಲ್ಲ. ಆದರೆ ದಾರಿ ಅದೇ.

ಹೂಳಿನ ಜೊತೆ ಬೀಜವೂ ಹೋಗುತ್ತದೆ

ಹೂಳು ಎತ್ತಬೇಡಿರಿ ಎಂದು ನಾನು ಹೇಳುವುದಿಲ್ಲ. ಕೆರಿಗೋಡು ಮಸಾರಿ ಹೊಲಕ್ಕೆ ಎಂಥ ಗೊಬ್ಬರ ಎಂದು ಅದನ್ನು ಹೇರಿದವರಿಗೆ ಗೊತ್ತು. ನನ್ನ ತಕರಾರು ಎತ್ತುವ ರೀತಿಯ ಬಗ್ಗೆ.

ಚಳಿ ದೇಶಗಳ ಚೀಲಪಾಚಿ ಚಳಿಗಾಲಕ್ಕೆ ತುದಿಯಲ್ಲಿ ಗಟ್ಟಿ ಮೊಗ್ಗು ಕಟ್ಟಿ ತಳಕ್ಕೆ ಇಳಿದು ಮಲಗುತ್ತದೆ. ನಮ್ಮ ಸೀಮೆಯದಕ್ಕೆ ಚಳಿಯ ಭಯವಿಲ್ಲ, ಬೇಸಿಗೆಯ ಭಯ. ಕೆರೆ ಬತ್ತಿದಾಗ ಗಿಡ ಸುಟ್ಟು ಹೋಗುತ್ತದೆ, ಬೀಜ ಕೆಸರಿನಲ್ಲಿ ಕಾಯುತ್ತದೆ. ಮೃಗಶಿರಾದಿಂದ ಹಸ್ತಾ-ಚಿತ್ತಿವರೆಗೆ ಯಾವಾಗ ನೀರು ನಿಂತೀತೋ ಆಗ ಎದ್ದೇಳುತ್ತದೆ. ಈ ಬೀಜದ ಕಣಜ ಇರುವುದು ಕೆಸರಿನ ಮೇಲಿನ ಪದರಿನಲ್ಲಿ. ಜೆಸಿಬಿ ಮೊದಲು ಎತ್ತುವುದೂ ಅದನ್ನೇ.

ನಮ್ಮ ಊರ ಹತ್ತಿರದ ಒಂದು ಸಣ್ಣ ಕಟ್ಟೆಯನ್ನು ಕೆಲವು ವರ್ಷಗಳ ಹಿಂದೆ ಗುತ್ತಿಗೆಯವರು ಒಂದೇ ವಾರದಲ್ಲಿ ದಂಡೆಯಿಂದ ದಂಡೆಗೆ ಕೆರೆದರು. ತಳ ತಾಟಿನಂತೆ ಸಪಾಟು, ದಂಡೆ ಗೋಡೆಯಂತೆ ಕಡಿದು. ನೋಡಲು ಚೆಂದ, ಬಿಲ್ಲಿಗೂ ಚೆಂದ. ಮರುವರ್ಷ ನೀರು ಬಂತು, ಕೆಂಪು ರಾಡಿಯಾಗಿ ತಿಂಗಳುಗಟ್ಟಲೆ ನಿಂತಿತು. ತೆಳು ನೀರಿನ ಜಾಗವೇ ಇಲ್ಲದ್ದರಿಂದ ದಂಡೆಯ ಹುಲ್ಲು ಏಳಲಿಲ್ಲ, ಎಮ್ಮೆ ಇಳಿಯಲು ದಾರಿ ಇರಲಿಲ್ಲ. ಮೊದಲು ಹಿಂಗಾರಿಗೆ ಕಾಣುತ್ತಿದ್ದ ಹಳದಿ ಹೂ ಮತ್ತೆ ಕಾಣಲಿಲ್ಲ. ಅದರ ಜಾಗದಲ್ಲಿ ಎರಡು ವರ್ಷಕ್ಕೆ ಬಂದದ್ದು ನಾರುವ ಹಸಿರು ಕೆನೆ. "ಸ್ವಚ್ಛ ಮಾಡಿದ ಮ್ಯಾಲ ಹೊಲಸು ಹೆಚ್ಚಾತಲ್ಲೋ ತಮ್ಮಾ" ಎಂದು ದನ ಕಾಯುವ ಕಾಕಾ ಒಬ್ಬರು ಅಂದದ್ದರಲ್ಲಿ ಎಲ್ಲ ಬಂತು.

ಔಷಧದ ದಾರಿಯೂ ಇದೇ ಕಥೆ. ಮೈಲುತುತ್ತ ಪಾಚಿ ಕೊಲ್ಲುತ್ತದೆ, ಜೊತೆಗೆ ಪಾಚಿ ತಿನ್ನುವ ನೀರ ಚಿಗಟಗಳನ್ನೂ ಕೊಲ್ಲುತ್ತದೆ. ಸತ್ತದ್ದು ಕೊಳೆತು ನೀರಿನ ಉಸಿರು ಕಟ್ಟಿ ಮೀನು ತೇಲುತ್ತವೆ. ಕೊಳೆತದ್ದೆಲ್ಲ ಮತ್ತೆ ಗೊಬ್ಬರವಾಗಿ ನೀರಲ್ಲೇ ಉಳಿಯುವುದರಿಂದ ಮುಂದಿನ ಪಾಚಿ ಇನ್ನೂ ದಪ್ಪ.

ಅತಿ ಹೊಗಳಿಕೆಯೂ ಬೇಡ

ಹುಳ ತಿನ್ನುತ್ತದೆ ಎಂದ ಕೂಡಲೇ "ಹಂಗಾದ್ರ ಸೊಳ್ಳಿ ಕಾಟ ತಪ್ಪಿತು" ಎನ್ನುವವರಿದ್ದಾರೆ. ದೊಡ್ಡ ಚೀಲದ ಜಾತಿಗಳು ಸೊಳ್ಳೆಯ ಎಳೆಮರಿ ಹಿಡಿಯುವುದು ನಿಜ. ಆದರೆ ಡೆಂಗ್ಯೂ ಸೊಳ್ಳೆ ಹುಟ್ಟುವುದು ಮನೆಯ ಡ್ರಮ್ಮು, ಟೈರು, ತೊಟ್ಟಿಗಳಲ್ಲಿ. ಅಲ್ಲಿಗೆ ಈ ಗಿಡ ಬರುವುದಿಲ್ಲ. ಡ್ರಮ್ಮು ನಾವೇ ವಾರಕ್ಕೊಮ್ಮೆ ತಿಕ್ಕಿ ತೊಳೆಯಬೇಕು.

ಮೀನು ಸಾಕುವವರು ಕೇಳುವ ಪ್ರಶ್ನೆಗೂ ಉತ್ತರ ಇರಲಿ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿ ಚೀಲಕ್ಕೆ ಸಿಕ್ಕ ದಾಖಲೆ ಉಂಟು. ಮರಿ ಬೆಳೆಸುವ ತೊಟ್ಟಿಯಲ್ಲಿ ಇದು ಬೇಡ. ಬೆರಳುದ್ದದ ಮರಿ ತಂದು ಬಿಡುವ ಕೆರೆಯಲ್ಲಿ ಭಯವಿಲ್ಲ. ಇನ್ನು ಹುಲ್ಲುಗೆಂಡೆ ಮೀನು ಬಿಟ್ಟರೆ ಅದು ಒಳ್ಳೆಯ ಗಿಡ, ಕೆಟ್ಟ ಗಿಡ ಎಂದು ನೋಡುವುದಿಲ್ಲ, ಮೆತ್ತಗಿದ್ದದ್ದನ್ನು ಮೊದಲು ಮೇಯುತ್ತದೆ.

2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ ಹೊಂಡಗಳಲ್ಲಿ ಪ್ಲಾಸ್ಟಿಕ್ ಹಾಸಿದವು ಬಹಳ. ಅಲ್ಲಿ ಕೆಸರಿಲ್ಲ, ಬೀಜ ಉಳಿಯುವ ಜಾಗವಿಲ್ಲ. ಬೆಳೆಗೆ ಒಂದು ನೀರು ಕೊಡಲು ಅದು ಸರಿ. ಆದರೆ ಪ್ಲಾಸ್ಟಿಕ್ ಹೊಂಡ ಬಂತೆಂದು ಊರ ಕಟ್ಟೆಯನ್ನು ಮರೆಯುವುದು ಸರಿಯಲ್ಲ. ಎರಡರ ಕೆಲಸ ಬೇರೆ ಬೇರೆ.

ನಾವು ಮಾಡಬಹುದಾದದ್ದು

ಒಂದು: ಹೂಳೆತ್ತುವಾಗ ಹತ್ತರಲ್ಲಿ ಒಂದು ಪಾಲು ಜಾಗವನ್ನು, ನೀರು ಒಳಬರುವ ಕಡೆಯ ತೆಳು ದಂಡೆಯಲ್ಲಿ, ಮುಟ್ಟದೆ ಬಿಡಿರಿ. ಅದು ಕೆರೆಯ ಬೀಜದ ಜೋಳ ಎಂದು ತಿಳಿಯಿರಿ. ಎಷ್ಟೇ ಕಷ್ಟ ಬಂದರೂ ನಾವು ಬೀಜದ ಜೋಳ ಬೀಸುವುದಿಲ್ಲ.

ಎರಡು: ಆಗದಿದ್ದರೆ ಈ ವರ್ಷ ಅರ್ಧ, ಬರುವ ವರ್ಷ ಅರ್ಧ ಎತ್ತಿರಿ. ಅದೂ ಆಗದಿದ್ದರೆ ಮೇಲಿನ ಅರ್ಧ ಅಡಿ ಕೆಸರನ್ನು ಒಂದಿಷ್ಟು ಪಕ್ಕಕ್ಕೆ ಹಾಕಿ, ಕೆಲಸ ಮುಗಿದ ಮೇಲೆ ದಂಡೆಗೆ ಹರಡಿರಿ. ದಂಡೆ ಇಳಿಜಾರಾಗಿರಲಿ.

ಮೂರು: ಹೊಲದ ತಗ್ಗಿನ ಬದುವಿನ ಮೇಲೆ ಹುಲ್ಲು ಉಳಿಸಿರಿ. ಯೂರಿಯಾವನ್ನು ಒಮ್ಮೆಲೆ ಚೆಲ್ಲದೆ ಎರಡು ಕಂತು ಮಾಡಿರಿ, ಮೋಡ ಕಟ್ಟಿ ದೊಡ್ಡ ಮಳೆ ಬರುವ ಹೊತ್ತಿನಲ್ಲಿ ಹಾಕಬೇಡಿರಿ. ಇದು ಕೆರೆಯ ಮೇಲಿನ ದಯೆಯಲ್ಲ, ನಮ್ಮ ಕಿಸೆಯ ಕಾಳಜಿ.

ನಾಲ್ಕು: ವರ್ಷಕ್ಕೆ ಎರಡು ಸಲ, ಮುಂಗಾರು ಮುಗಿದ ಮೇಲೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ, ಹತ್ತು ಎಲೆ ತೆಗೆದು ಚೀಲ ಎಣಿಸಿ ಬರೆದಿಡಿರಿ. ಸಾಲಿ ಹುಡುಗರಿಗೆ ಕೊಟ್ಟರೆ ನಮಗಿಂತ ಚೆನ್ನಾಗಿ ಮಾಡುತ್ತಾರೆ. ಎಣಿಸಿದ ಎಳೆಯನ್ನು ಅದೇ ನೀರಿಗೆ ಬಿಡಿರಿ. ಬೇರೆ ಕೆರೆಗೆ ಒಯ್ದು ಹಾಕಬೇಡಿರಿ.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅದಕ್ಕೆ ಹೆಸರು ತಂದವು. ಸಂತೋಷದ ಸಂಗತಿ. ಹಕ್ಕಿಗೆ ರೆಕ್ಕೆ ಇದೆ, ಅದನ್ನು ನೋಡಲು ದೂರದ ಜನ ಬರುತ್ತಾರೆ. ನಮ್ಮ ಸಣ್ಣ ಕಟ್ಟೆಗಳ ಗಿಡಕ್ಕೆ ಬೇರೂ ಇಲ್ಲ, ರೆಕ್ಕೆಯೂ ಇಲ್ಲ. ಅದನ್ನು ನೋಡುವವರು ದಂಡೆಯ ರೈತರಾದ ನಾವೇ. ಡಂಬಳದಂಥ ದೊಡ್ಡ ಕೆರೆಯಿಂದ ಹಿಡಿದು ಹೊಲದ ಮೂಲೆಯ ಹೊಂಡದವರೆಗೆ ಯಾವ ನೀರಲ್ಲಿ ಯಾವ ಚೀಲಪಾಚಿ ಇದೆ ಎಂಬ ಪಟ್ಟಿ ಇವತ್ತು ನಮ್ಮ ಕೈಯಲ್ಲಿಲ್ಲ. ನಾಲ್ಕು ತಾಲೂಕಿನ ನಾಲ್ಕು ನಾಲ್ಕು ಜನ ಮನಸ್ಸು ಮಾಡಿದರೆ ಒಂದು ಹಿಂಗಾರಿನಲ್ಲಿ ಆದೀತು.

ಮುಂದಿನ ಗ್ರಾಮಸಭೆಯಲ್ಲಿ ಹೂಳೆತ್ತುವ ಮಾತು ಬಂದಾಗ ಎಷ್ಟು ಟ್ರಾಕ್ಟರ್, ಎಷ್ಟು ತಾಸು ಎಂದು ಕೇಳುವ ಜೊತೆಗೆ ಇದನ್ನೂ ಕೇಳಿರಿ: ಯಾವ ದಂಡೆ ಬಿಡತೀರಿ? ಉತ್ತರ ಬರೆದುಕೊಂಡ ಮೇಲೆ ಜೆಸಿಬಿ ಇಳಿಯಲಿ. ನಿಮ್ಮ ಕೆರೆಯಲ್ಲಿ ಎಣಿಸಿದ್ದನ್ನು ಪತ್ರಿಕೆಗೆ ಬರೆಯಿರಿ. ನಾಲ್ಕು ಸಾಲಾದರೂ ಸಾಕು.